ಮರಿತಾಯಮ್ಮನ ದವಡೆ ಮತ್ತು ಆರನೇ ಮನೆ

ಮದ್ದೂರು ಸೀಮೆಯಲ್ಲಿ ಭತ್ತದ ವಿಚಾರಕ್ಕೆ ತಾಲೂಕು ಕಚೇರಿಗಿಂತ ದೊಡ್ಡದೊಂದು ಕಚೇರಿ ಇತ್ತು. ಅದು ಮರಿತಾಯಮ್ಮನ ಬಾಯೊಳಗೆ, ಎಡಗಡೆ, ಹಿಂದಿನಿಂದ ಎರಡನೆಯ ದವಡೆ ಹಲ್ಲು. ಅಲ್ಲಿ ವಕೀಲರಿರಲಿಲ್ಲ, ವಾಯಿದೆ ಇರಲಿಲ್ಲ, ಮೇಲ್ಮನವಿಯಂತೂ ಇಲ್ಲವೇ ಇಲ್ಲ. ಒಂದು ಕಾಳು ಒಳಗೆ ಹೋಗುತ್ತಿತ್ತು. 'ಕಟಕ್' ಎಂದರೆ ಒಣಗಿದೆ, ಮಿಲ್ಲಿಗೆ ಸುರಿಯಬಹುದು. ಸದ್ದಿಲ್ಲದೆ ಮೆತ್ತಗಾಯಿತೋ, ಹಸಿ. ಇನ್ನೊಂದು ದಿನ ಕಣದಲ್ಲಿ ಬಿದ್ದಿರಬೇಕು.

ಮಳವಳ್ಳಿ ಕಡೆಯಿಂದ ಬಂದ ಭತ್ತದ ಲಾರಿಯೊಂದು ಆ 'ಕಟಕ್' ಕೇಳದೆ, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿತಂತೆ. ಒಂದು ಮದುವೆಯಲ್ಲಿ ಗಂಡಿನ ಕಡೆಯವರು ತಂದ ಚಕ್ಕುಲಿಯನ್ನು ಕಡಿದು ಮರಿತಾಯಮ್ಮ 'ಹಸಿ' ಎಂದಿದ್ದಕ್ಕೆ ಬೀಗರಿಬ್ಬರು ಆರು ತಿಂಗಳು ಮಾತು ಬಿಟ್ಟಿದ್ದರಂತೆ. ಬಸ್ಸಿನಲ್ಲಿ ಕೊಂಡ ಕಡಲೆಕಾಯಿಗೂ, ಅಂಗನವಾಡಿಯ ಸೀಮೆಸುಣ್ಣಕ್ಕೂ, ಒಮ್ಮೆ ಹಸುವಿಗೆಂದು ಕೊಟ್ಟ ಮಾತ್ರೆಗೂ ಇದೇ ಪರೀಕ್ಷೆ ನಡೆದಿತ್ತು. ಹಸು ಬದುಕಿತು. ಮರಿತಾಯಮ್ಮನೂ ಬದುಕಿದಳು.

ಅವಳು ಬೆಳಕವಾಡಿಯವಳು. ಇಪ್ಪತ್ತನೇ ವಯಸ್ಸಿಗೆ ಅಂಕಯ್ಯನ ಕೈ ಹಿಡಿದು ಮದ್ದೂರಿಗೆ ಬಂದಳು. ಅಂಕಯ್ಯ ಪೇಟೆಯಂಚಿನ ಲಿಂಗಯ್ಯನವರ ಅಕ್ಕಿ ಮಿಲ್ಲಿನಲ್ಲಿ ಬಾಯ್ಲರಿಗೆ ಹೊಟ್ಟು ಹಾಕುತ್ತಿದ್ದ. ಅದು ಕುಸುಬಲಕ್ಕಿ ಮಾಡುವ ಸಣ್ಣ ಮಿಲ್ಲು. ಭತ್ತವನ್ನು ತೊಟ್ಟಿಯಲ್ಲಿ ನೆನೆಸಿ, ಬೇಯಿಸಿ, ಕಣದಲ್ಲಿ ಹರಡಿದರೆ, ಮರಿತಾಯಮ್ಮ ಬಿಸಿಲಲ್ಲಿ ಕಾಲೆಳೆಯುತ್ತ ಸಾಲು ಹೊಡೆದು ಅದನ್ನು ಒಣಗಿಸುವಳು. ಇರಲು ನೆನೆಹಾಕುವ ತೊಟ್ಟಿಯ ಪಕ್ಕದ ಒಂದು ಕೋಣೆ. ತೊಟ್ಟಿಗೂ ಕೋಣೆಗೂ ನಡುವೆ ಒಂದೇ ಗೋಡೆ. ಅಂಕಯ್ಯ ತೀರಿಕೊಂಡ ವರ್ಷ ಲಿಂಗಯ್ಯನವರು ಆ ಗೋಡೆಯನ್ನೇ ತಟ್ಟಿ, "ಈ ಗ್ವಾಡೆ ನಿಂತಿರೋಗಂಟ ನೀನು ಇಲ್ಲೇ ಇರವ್ವ" ಎಂದಿದ್ದರು.

ಲಿಂಗಯ್ಯನವರೂ ಹೋದರು. ಮಿಲ್ಲು ಮುಚ್ಚಿತು. ಹತ್ತು ವರ್ಷ ಪಾರಿವಾಳಗಳು ಆಡಳಿತ ನಡೆಸಿದವು. ಹೋದ ವರ್ಷ ಲಿಂಗಯ್ಯನವರ ಮಗಳು ರೂಪ, ಮಂಡ್ಯದಲ್ಲಿ ಕಾಲೇಜಿನಲ್ಲಿ ಪಾಠ ಹೇಳುವವಳು, ಪಾರಿವಾಳಗಳಿಗೆ ನೋಟೀಸು ಕೊಟ್ಟಳು. ಒಂದೂವರೆ ಅಡಿ ದಪ್ಪದ ಗೋಡೆ, ಎತ್ತರದ ಹೆಂಚಿನ ಛಾವಣಿ, ತೇಗದ ತೊಲೆ. ಕೆಡವುವ ಬದಲು ಇದನ್ನೇ ಆರು ಮನೆ ಮಾಡಿದರೆ ಹೇಗೆ? ದಿನಾ ರೈಲು ಹತ್ತುವ ನೌಕರಿಯವರಿಗೆ ಸಿಟಿಯಲ್ಲಿರುವಂಥ ಮನೆ; ತೆರೆದ ಅಡುಗೆಮನೆ, ಗಾಜಿನ ಬಾಗಿಲು, ಮೇಲೊಂದು ಅಟ್ಟದ ಮಲಗುವ ಕೋಣೆ. ಮಂಡ್ಯದ ಇಂಜಿನಿಯರ್ ಶಶಿಧರ್ ನಕ್ಷೆ ಬರೆದ. ಐದು ಮನೆ ಬಾಡಿಗೆಗೆ. ತೊಟ್ಟಿ ಒಡೆದ ಜಾಗವೂ ಹಳೆಯ ಕೋಣೆಯೂ ಸೇರಿ ಆರನೆಯದು. "ಅದು ತಾಯಮ್ಮಂದು. ಅಪ್ಪ ಕೊಟ್ಟ ಮಾತು" ಎಂದಳು ರೂಪ.

ಎಲ್ಲ ಸರಿಯಿತ್ತು, ಆ ಗೋಡೆಯೊಂದು ಬಿಟ್ಟು. ನಲವತ್ತು ವರ್ಷ ತೊಟ್ಟಿಗೆ ಬೆನ್ನು ಕೊಟ್ಟು ನೀರು ಕುಡಿದ ಗೋಡೆ, ತೊಟ್ಟಿ ಹೋದರೂ ಚಟ ಬಿಡಲಿಲ್ಲ. ಹೊಸ ಗಾರೆ ಮೆತ್ತಿದರೆ ಮೂರೇ ದಿನಕ್ಕೆ ಹಪ್ಪಳದಂತೆ ಉಬ್ಬಿ ಉದುರಿತು. ಶಶಿಧರ್ ಅಂಗೈಯಗಲದ ತೇವದ ಮೀಟರ್ ತಂದು ಗೋಡೆಗೆ ಒತ್ತಿದ. ಅದು ಕೆಂಪು ದೀಪ ಹಚ್ಚಿಕೊಂಡು ಕೂಗಿತು.

"ಇಪ್ಪತ್ತೊಂದು ದಿನ ನೋಡೋಣ ಮೇಡಂ. ಆಮೇಲೆ ಗಾರೆಯವರು ಬೇರೆ ಕೆಲಸಕ್ಕೆ ಹೋಗ್ತಾರೆ. ಅಷ್ಟರಲ್ಲಿ ಒಣಗದಿದ್ರೆ ಗೋಡೆ ಒಡೆದು ಎರಡು ಕಾರು ನಿಲ್ಲೋ ಜಾಗ ಮಾಡ್ಬಿಡೋಣ" ಎಂದ.

ರೂಪ ಮರಿತಾಯಮ್ಮನ ಮುಖ ನೋಡಲಾರದೆ, "ಹಂಗೇನಾದ್ರೂ ಆದ್ರೆ ಬೆಳಕವಾಡೀಲಿ ನಿಮ್ಮ ತಂಗಿ ಇದಾರಲ್ಲ ತಾಯಮ್ಮ..." ಎಂದಳು.

"ಅಲ್ಲಿ ನಾನು ನೆಂಟ್ರು ಕಣವ್ವ. ಮೂರು ದಿನ ಕೋಳಿ ಕುಯ್ತಾರೆ, ನಾಕನೇ ದಿನ ಬಸ್ಸು ಎಷ್ಟೊತ್ತಿಗೆ ಅಂತಾರೆ" ಎಂದಳು ಮರಿತಾಯಮ್ಮ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಗೋಡೆಯ ಕಡೆಗೆ ತಿರುಗಿದಳು. "ಏಸು ಸಾವ್ರ ಮೂಟೆ ಒಣಗ್ಸಿವ್ನಿ. ಇದೊಂದು ಗ್ವಾಡೆ ಒಣಗ್ಸಾಕಿಲ್ವಾ?"

ಹೀಗೆ ಯುದ್ಧ ಘೋಷಣೆಯಾಯಿತು. ಒಂದು ಪಕ್ಷದಲ್ಲಿ ಹದಿನಾಲ್ಕು ಅಡಿ ಎತ್ತರದ ಇಟ್ಟಿಗೆ ಗೋಡೆ; ಇನ್ನೊಂದು ಪಕ್ಷದಲ್ಲಿ ನಾಲ್ಕು ಅಡಿ ಹತ್ತು ಅಂಗುಲದ ಮರಿತಾಯಮ್ಮ. ಮೊದಲ ದಿನ ಹಳೆಯ ಗಾರೆಯನ್ನೆಲ್ಲ ಕೆರೆಸಿ ಗೋಡೆಯ ಮೈ ಬಿಚ್ಚಿಸಿದಳು. ಎರಡನೆಯ ದಿನ ಛಾವಣಿಯ ಆರು ಸಾಲು ಹೆಂಚು ತೆಗೆಸಿ ಬಿಸಿಲನ್ನು ಒಳಕ್ಕೆ ಕರೆದಳು. ಮೂರನೆಯ ದಿನ ಒಲೆ ಬಂತು, ಒಲೆಗೆ ಹೊಟ್ಟು ಬಂತು, ಹೊಗೆಗೆ ಮೇಸ್ತ್ರಿ ಹೊರಗೆ ಓಡಿದ.

ದಿನಾ ಬೆಳಗ್ಗೆ ಏಳಕ್ಕೆ ಪರೀಕ್ಷೆ. ಮಂಡಿ ನೋವಿನವಳು, ಒಂದು ಅಂಗೈಯನ್ನು ಗೋಡೆಯ ಕೆಳಭಾಗಕ್ಕೆ ಊರಿಕೊಂಡು ಮೆಲ್ಲಗೆ ಬಗ್ಗುವಳು, ಬುಡದಿಂದ ಇಟ್ಟಿಗೆಯ ಚೂರೊಂದನ್ನು ಕಿತ್ತು ದವಡೆಗೆ ಹಾಕುವಳು. ಕೆಲಸದವರೆಲ್ಲ ಉಸಿರು ಹಿಡಿದು ನಿಲ್ಲುವರು. ಅವಳು ಥೂ ಎಂದು ಉಗಿದು, "ಹಸಿ" ಎನ್ನುವಳು. ನಲ್ಲಿ ಕೆಲಸದ ಮಹದೇವು ಒಮ್ಮೆ ತಡೆಯಲಾರದೆ, "ಅಮ್ಮೋ, ಇಂಗೇ ತಿಂತಾ ಓದ್ರೆ ಇಪ್ಪತ್ತೊಂದು ದಿನಕ್ಕೆ ಗ್ವಾಡೇನೇ ಇರಾಕಿಲ್ಲ" ಎಂದ. "ನಿನ್ನ ಕೆಲ್ಸ ನೋಡ್ಲಾ" ಎಂದು ಅವಳು ಒಲೆಗೆ ಹೊಟ್ಟು ತುಂಬಿದಳು.

ಒಂಬತ್ತನೆಯ ದಿನ ಬೋರ್‌ವೆಲ್ ಮೋಟಾರು ಸುಟ್ಟುಹೋಯಿತು. ಅದು ರಿಪೇರಿಯಾಗಿ ಬರುವಷ್ಟರಲ್ಲಿ ನಾಲ್ಕು ದಿನ ಕಳೆದವು. ಕೆಲಸದವರು ಟ್ಯಾಂಕರ್ ನೀರಿನಲ್ಲಿ ಕಾಲ ಹಾಕಿದರು. ಆ ನಾಲ್ಕನೆಯ ದಿನ ಬೆಳಗ್ಗೆ, ಮರಿತಾಯಮ್ಮನ ಬಾಯಿಂದ 'ಕಟಕ್' ಎಂಬ ಸದ್ದು ಬಂತು. ಮೇಸ್ತ್ರಿ ಕರಣೆ ಎತ್ತಿ ಕುಣಿದ. ಶಶಿಧರ್ ಓಡಿಬಂದು ಮೀಟರ್ ಒತ್ತಿದ, ಹಸಿರು ದೀಪ. ಅಂದು ಸಂಜೆ ಎಲ್ಲರಿಗೂ ಮದ್ದೂರು ವಡೆ, ಟೀ.

ಮೋಟಾರು ಬಂದು ಕೂತಿತು. ಮಾರನೆಯ ದಿನ ಗಾರೆ ಕಲಸುತ್ತಿದ್ದಾಗ ಮರಿತಾಯಮ್ಮ ಮತ್ತೊಮ್ಮೆ ಅಂಗೈ ಊರಿ ಬಗ್ಗಿದಳು, ಕಡಿದಳು, ಉಗಿದಳು.

"ಹಸಿ. ಯಾರೂ ಗಾರೆ ಮುಟ್ಬ್ಯಾಡಿ."

ಶಶಿಧರ್ ಮೀಟರ್ ಒತ್ತಿ ತೋರಿಸಿದ. ಹಸಿರು. ಇನ್ನೊಂದು ಕಡೆ ಒತ್ತಿದ. ಅಲ್ಲೂ ಹಸಿರು. "ಅಮ್ಮಾ, ಒಣಗಿದೆ ಅಂತ ಮೀಟರ್ ಹೇಳ್ತಾ ಇದೆ. ಈಗ ಗಾರೆ ಹಾಕಿದ್ರೆ ಮನೆ ನಿಮ್ದು. ಕಾಯ್ತಾ ಕೂತ್ರೆ ಗಾರೆಯವರು ಹೊರಟುಹೋಗ್ತಾರೆ, ಕೊನೆಗೆ ಕಾರ್ ಪಾರ್ಕಿಂಗೇ. ಮನೆ ಬೇಡ್ವಾ ನಿಮಗೆ?"

"ಮನೆ ಬೇಕು ಕಣಪ್ಪ. ನೀರು ನಿಲ್ಲೋ ಕೊಳ ಬ್ಯಾಡ."

ಅಷ್ಟು ಹೇಳಿ ಗೋಡೆಗೆ ಬೆನ್ನು ಕೊಟ್ಟು ಕೂತೇಬಿಟ್ಟಳು. ಮೇಸ್ತ್ರಿ ಬೇಡಿಕೊಂಡ, ಏಳಲಿಲ್ಲ. ಕಲಸಿದ ಗಾರೆ ಗಟ್ಟಿಯಾಗತೊಡಗಿತು, ಏಳಲಿಲ್ಲ. ಮಂಡ್ಯದಿಂದ ರೂಪ ಕಾಲೇಜಿಗೆ ರಜೆ ಹಾಕಿ ಬಂದಳು. ಆಗಲೂ ಏಳಲಿಲ್ಲ. ಮುದ್ದೆಯನ್ನು ಅಲ್ಲಿಗೇ ತರಿಸಿಕೊಂಡು ಉಂಡಳು.

"ಏನಾಗ್ಬೇಕು ಹೇಳಿ ತಾಯಮ್ಮ" ಎಂದಳು ರೂಪ.

"ಮೋಟ್ರು ಕೆಟ್ಟಾಗ ಗ್ವಾಡೆ ವಾಸಿಯಾಯ್ತು. ಮೋಟ್ರು ವಾಸಿಯಾದೇಟ್ಗೆ ಗ್ವಾಡೆಗೆ ಕಾಯ್ಲೆ ಬಂತು. ಇದ್ರ ಬುಡದಾಗೆ ನೀರೈತೆ. ಈ ಮೂಲೆ ಅಗೀರಿ."

ಮಹದೇವುವಿನ ಮುಖ ಒಂದು ಸುತ್ತು ಸಣ್ಣದಾಯಿತು. "ಅಲ್ಲೇನೈತೆ ಬುಡಮ್ಮೋ, ಸುಮ್ಕೆ ಯಾಕೆ ಅಗ್ಯೋದು? ಕಲ್ಲೈತೆ ಅಷ್ಟೇ."

"ಕಲ್ಲಿದ್ರೆ ಕಲ್ಲು ತೋರ್ಸ್ಲಾ."

ಎರಡಡಿ ಅಗೆಯುವಷ್ಟರಲ್ಲಿ ಹಾರೆಗೆ ಕಬ್ಬಿಣ ತಾಗಿತು. ಹಿಂದೆ ತೊಟ್ಟಿಗೆ ನೀರು ತುಂಬುತ್ತಿದ್ದ ಹಳೆಯ ಪೈಪು. ಅದಕ್ಕೆ ಮಹದೇವು ಹೊಸ ಮನೆಗಳ ನೀರಿನ ಲೈನನ್ನು ಜೋಡಿಸಿದ್ದ. ಜೋಡಿಸಿದ ಕಡೆ ನೀರು ಸದ್ದಿಲ್ಲದೆ ಒಸರುತ್ತಿತ್ತು.

"ಒಳ್ಳೆ ಕಬ್ಬಿಣ ಕಣಕ್ಕಾ, ಬಿಸಾಕಾಕೆ ಮನ್ಸು ಬರ್ನಿಲ್ಲ" ಎಂದು ಮಹದೇವು ರೂಪಳ ಮುಂದೆ ತಲೆ ಕೆರೆದುಕೊಂಡ.

ಶಶಿಧರ್ ಈಗ ಮೊದಲ ಬಾರಿಗೆ ಮಂಡಿಯೂರಿ, ಮೀಟರನ್ನು ಗೋಡೆಯ ಬುಡಕ್ಕೆ ಒತ್ತಿದ. ಇಷ್ಟು ದಿನ ಎದೆಯೆತ್ತರಕ್ಕಷ್ಟೇ ಒತ್ತಿದ್ದು ಅವನಿಗೆ ಆಗ ಹೊಳೆಯಿತು. ಕೆಂಪು ದೀಪ ಹತ್ತಿಕೊಂಡು ಮೀಟರ್ ಬಾಯಿಬಡಿದುಕೊಂಡಿತು.

ಪೈಪು ಕತ್ತರಿಸಿ, ಹೊಸ ಲೈನನ್ನು ಹೊರಗಿನಿಂದ ಎಳೆದಾಗ ಉಳಿದಿದ್ದು ಐದೇ ದಿನ. ಮರಿತಾಯಮ್ಮ ಒಂದು ಒಲೆಯಿದ್ದಲ್ಲಿ ಮೂರು ಹೂಡಿದಳು. ಒಂದಕ್ಕೆ ಹೊಟ್ಟು ತುಂಬುವ ಕೆಲಸ ಮಹದೇವುವಿನದು. ಅದು ಶಿಕ್ಷೆಯೆಂದು ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಹದಿನೆಂಟು: ಹಸಿ. ಹತ್ತೊಂಬತ್ತು: ಹಸಿ. ಇಪ್ಪತ್ತರಂದು ಅವಳು ಕಡಿದು, ಉಗಿದು, ಇನ್ನೊಂದು ಮೂಟೆ ಹೊಟ್ಟು ಬಿಚ್ಚಿದಳು. ಮೇಸ್ತ್ರಿ ಸಾಮಾನು ಕಟ್ಟತೊಡಗಿದ. ಇಪ್ಪತ್ತೊಂದರ ಬೆಳಗ್ಗೆ ಏಳಕ್ಕೆ ಅಂಗೈ ಊರಿ, ಬಗ್ಗಿ, ಬುಡದ ಚೂರನ್ನು ಬಾಯಿಗೆ ಹಾಕಿದಳು. ಹೊರಗೆ ಗೇಟಿನ ತನಕ ಕೇಳುವಂತೆ 'ಕಟಕ್' ಎಂದಿತು. ಮೀಟರ್ ಬುಡದಲ್ಲೂ ಹಸಿರು ತೋರಿಸಿತು. ಆದರೆ ಅದನ್ನು ಯಾರೂ ನೋಡಲಿಲ್ಲ. ಮೇಸ್ತ್ರಿ ಆಗಲೇ ಕಟ್ಟಿದ ಸಾಮಾನು ಬಿಚ್ಚುತ್ತಿದ್ದ.

ಆರನೇ ಮನೆಯ ಒಲೆಯಲ್ಲಿ ಹಾಲುಕ್ಕಿದ ದಿನ ಗೋಡೆ ಹೊಸ ಬಣ್ಣದಲ್ಲಿ ನಿಂತಿತ್ತು, ಎಲ್ಲೂ ಒಂದು ಗುಳ್ಳೆಯಿಲ್ಲದೆ. ಬೆಳಕವಾಡಿಯಿಂದ ತಂಗಿ ಬಂದಿದ್ದಳು, ನೆಂಟಳಾಗಿ. ಶಶಿಧರ್ ಎರಡನೇ ಸಲ ಪಾಯಸ ಹಾಕಿಸಿಕೊಂಡು, ಮರಿತಾಯಮ್ಮನ ಪಕ್ಕದಲ್ಲಿ ಶಿಷ್ಯನಂತೆ ಕೂತ. ಅವನಿಗೆ ಮಂಡ್ಯದಲ್ಲಿ ಇನ್ನೊಂದು ಹಳೆಯ ಮಿಲ್ಲಿನ ಕೆಲಸ ಸಿಕ್ಕಿತ್ತು.

"ಅಮ್ಮಾ, ಎಂಟು ಸಾವಿರದ ಮೀಟರಿಗೆ ಗೊತ್ತಾಗದ್ದು ನಿಮ್ಮ ಹಲ್ಲಿಗೆ ಹೆಂಗೆ ಗೊತ್ತಾಯ್ತು? ಆ ದವಡೆ ಹಲ್ಲಿನ ಗುಟ್ಟೇನು, ನನಗೊಬ್ಬನಿಗೆ ಹೇಳಿ."

ಮರಿತಾಯಮ್ಮ ಎರಡು ಬೆರಳು ಬಾಯಿಗೆ ಹಾಕಿ ಮೇಲಿನ ಸೆಟ್ಟನ್ನೂ ಕೆಳಗಿನ ಸೆಟ್ಟನ್ನೂ ತೆಗೆದು, ಲೋಟದ ನೀರಿಗೆ ಬಿಟ್ಟು, ಬೊಚ್ಚು ಬಾಯಲ್ಲಿ ಹೇಳಿದಳು:

"ಹಲ್ಲೆಲ್ಲೈತಪ್ಪ? ಉದ್ರೋಗಿ ಎಂಟೊರ್ಸ ಆಯ್ತು. ಗ್ವಾಡೆ ಕೈಗೆ ತಣ್ಣಗಿತ್ತು, ಹಸಿ ಅಂದೆ."