ಮೊದಲ ತುತ್ತು ಯಾರಿಗೆ?

ಗೆಳೆಯರೇ, ಇವತ್ತು ಪಿರಿಯಾಪಟ್ಟಣದ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಕಚ್ಚಲಿಲ್ಲ!

ಹೊಸ ನಾಯಿಮರಿ ಬಂದಾಗಿನಿಂದ ನಮ್ಮ ಮುದಿ ನಾಯಿ ಕರಿಯ ಊಟದ ಹೊತ್ತಿಗೆಲ್ಲ ಅದರ ಮೇಲೆ ಎರಗುತ್ತಿದ್ದ. ಇವತ್ತೂ ಮರಿಯ ಕುಣಿತ ತಾಳಲಾರದೆ ಅದಕ್ಕೇ ಮೊದಲು ಅನ್ನ ಹಾಕಲು ಹೋದೆ. ಅತ್ತೆ ತಡೆದರು.

"ಕುಣೀತದೆ ಅಂತ ಅದಕ್ಕೇ ಮೊದ್ಲು ಇಕ್ಕುದ್ರೆ ದೊಡ್ಡೋನ್ಗೆ ಒಟ್ಟೆ ಉರಿಯಾಕಿಲ್ವೇನವ್ವ? ಮರೀನ ಕಂಬಕ್ಕೆ ಕಟ್ಟು, ಕರಿಯನ್ಗೆ ಇಕ್ಕು."

ಹಾಗೇ ಮಾಡಿದೆ. ಕರಿಯ ನಿಧಾನವಾಗಿ ಉಂಡ. ಆಮೇಲೆ ಬಿಚ್ಚಿಬಿಟ್ಟ ಮರಿ ಅವನ ತಟ್ಟೆಯನ್ನೇ ನೆಕ್ಕಿದರೂ ಸುಮ್ಮನೆ ನೋಡುತ್ತಾ ಮಲಗಿದ. ಅಬ್ಬಾ, ನನಗೆ ಹೋದ ಜೀವ ಬಂತು.

ನಮ್ಮ ಊಟಕ್ಕೆ ಕೂತಾಗ ಯಜಮಾನರು ಎಂದಿನಂತೆ "ಬೇಗ ಇಕ್ಕೇ" ಎಂದು ತಟ್ಟೆ ಬಡಿದರು. ನಾನು ಮೊದಲ ಮುದ್ದೆಯನ್ನು ಅತ್ತೆಗೆ ಇಕ್ಕಿದೆ.

ಯಜಮಾನರನ್ನು ಕಂಬಕ್ಕೆ ಕಟ್ಟಲಿಲ್ಲ, ಅಷ್ಟೇ.