ಜಡೆಮ್ಮನ ಹಂಚು, ಶೀಲಾಳ ಬೋಗುಣಿ

ಸಿರುಗುಪ್ಪದ ಅಕ್ಕಿ ಗಿರಣಿಯ ಎದುರಿಗೆ ಜಡೆಮ್ಮನ ದೋಸೆ ಅಂಗಡಿ. ಅತ್ತೆಯ ಕಾಲದ ಕಬ್ಬಿಣದ ಹಂಚಿಗೆ ಅರ್ಧ ಈರುಳ್ಳಿಯಿಂದ ಎಣ್ಣೆ ಸವರಿ ಹಿಟ್ಟು ಹುಯ್ದಳೆಂದರೆ, ದೋಸೆ ತಾನಾಗಿಯೇ ಅಂಚು ಬಿಟ್ಟು ಏಳುತ್ತಿತ್ತು. ಹೊಸ ಬಗೆಯ ಪಾತ್ರೆಗಳೆಲ್ಲ ಆಕೆಯ ಪಾಲಿಗೆ ಬರೀ ಶೋಕಿ.

ಬಳ್ಳಾರಿಯ ಗಾಂಧಿನಗರದಿಂದ ಬಂದ ಸೊಸೆ ಶೀಲಾ ತವರಿನಿಂದ ದಪ್ಪ ತಳದ ಸ್ಟೀಲ್ ಬೋಗುಣಿ ತಂದಿದ್ದಳು. ಜಡೆಮ್ಮ ಎತ್ತಿ ನೋಡಿ, "ಏನವ್ವ ಇದರ ಭಾರ, ಒಳ್ಳುಕಲ್ಲು ಇದ್ದಂಗೈತಿ!" ಎಂದು ಅಟ್ಟಕ್ಕೇರಿಸಿದಳು.

ಬಸುರಿ ಶೀಲಾಳ ಕುಬುಸಕ್ಕೆ ಕುರುಗೋಡಿನ ನೆಂಟರು ಬಂದಿದ್ದರು. ಪಾಯಸ ತಾನೇ ಮಾಡುತ್ತೇನೆಂದು ಜಡೆಮ್ಮ ಹಳೆಯ ತೆಳು ಪಾತ್ರೆಯಲ್ಲಿ ಹಾಲಿಟ್ಟಳು. ಬೀಗಿತ್ತಿಯ ಜೊತೆ ಎರಡು ಮಾತಾಡುವಷ್ಟರಲ್ಲಿ ಮನೆಯೆಲ್ಲ ಸೀದ ವಾಸನೆ. ಜಡೆಮ್ಮನ ಮುಖ ಬಾಡಿತು.

ಹಸಿರು ಬಳೆ ಸದ್ದು ಮಾಡುತ್ತ ಶೀಲಾ ಒಳಗೆ ಬಂದಳು. "ಬಿಡ್ರಿ ಅತ್ತಿ, ತಪ್ಪು ನಿಮ್ದಲ್ಲ, ತಳದ್ದು. ತೆಳು ಸ್ಟೀಲು ಉರಿ ತಾಕಿದ ಕಡೀನ ಕಾಯ್ತೈತಿ. ನನ್ ಬೋಗುಣಿ ತಳದಾಗ ಸ್ಟೀಲಿನ ನಡುವ ಅಲ್ಯೂಮಿನಿಯಂ ಐತಿ. ಬಿಸಿ ಎಲ್ಲಾ ಕಡಿ ಒಂದ ಸಮ ಹರಡತೈತಿ."

"ಲೇ ಹನುಮೇಶ, ಅಟ್ಟ ಹತ್ತಲೇ!" ಎಂದು ಜಡೆಮ್ಮ ಮಗನನ್ನು ಕೂಗಿದಳು.

ಎರಡನೆಯ ಪಾಯಸ ಕೆನೆಗಟ್ಟಿ ಬಂತು. ನೆಂಟರು ಬಟ್ಟಲು ನೆಕ್ಕಿ ಹೊಗಳಿದಾಗ ಜಡೆಮ್ಮ, "ನನ್ ಸೊಸಿ ಬೋಗುಣಿದು ನೋಡ್ರವ್ವ" ಎಂದು ಎಲ್ಲರಿಗೂ ಅದರ ತಳ ತಿರುಗಿಸಿ ತೋರಿಸಿದಳು.

ಮುಂದಿನ ವಾರ ಶೀಲಾಳ ಸರದಿ. ಅತ್ತೆಗೆ ನೆರವಾಗಲೆಂದು ಕಬ್ಬಿಣದ ಹಂಚನ್ನು ಸೋಪು, ತಂತಿ ಹಾಕಿ ತಿಕ್ಕಿ ಫಳಫಳ ಹೊಳೆಸಿದಳು. ಮೊದಲ ದೋಸೆ ಕಚ್ಚಿಕೊಂಡು ಚಿಂದಿಯಾಯಿತು. ಜಡೆಮ್ಮ ಸಿಟ್ಟಾಗಲಿಲ್ಲ, ಹೊಟ್ಟೆ ಹಿಡಿದು ನಕ್ಕಳು.

"ಆ ಕರಿ ಹೊಲಸಲ್ಲವ್ವ, ಎಣ್ಣಿ ಕುಡದು ಕುಡದು ಕಟ್ಟಿದ ಪದರ. ಅದಿದ್ರನ ದ್ವಾಸಿ ಏಳೋದು. ಬಾ, ತಿರಗ ಕಟ್ಟೂಣು."

ಇಬ್ಬರೂ ಒಲೆ ಮುಂದೆ ಕೂತು, ಹಂಚು ಕಾಸುತ್ತ, ತೆಳ್ಳಗೆ ಎಣ್ಣೆ ಸವರುತ್ತ, ಮತ್ತೆ ಕಾಸುತ್ತ ಮಧ್ಯಾಹ್ನವೆಲ್ಲ ಹರಟಿದರು.

ಈಗ ಬಳ್ಳಾರಿಗೆ ಹೋದರೆ ಜಡೆಮ್ಮ ಚಿದಾನಂದಪ್ಪನ ಪಾತ್ರೆ ಅಂಗಡಿಗೆ ಹೊಕ್ಕು, ಒಂದೊಂದನ್ನೂ ಬೋರಲು ಹಾಕಿ ಬೆರಳಿಂದ ಬಡಿಯುತ್ತಾಳೆ. ಅವನು ನಾನ್‌ಸ್ಟಿಕ್ ತವಾ ಮುಂದಿಟ್ಟರೆ, "ನಮ್ಮಂಗಡಿ ಉರಿಗೆ ಇದು ತಾಳಂಗಿಲ್ಲಪ್ಪ" ಎಂದು ಬದಿಗಿಡುತ್ತಾಳೆ. ಮೊನ್ನೆ ಹುಳಿಸಾರಿಗೆಂದು ಆಕೆ ಆರಿಸಿ ತಂದದ್ದು ಮಾತ್ರ ಮತ್ತೊಂದು ದಪ್ಪ ತಳದ ಸ್ಟೀಲ್ ಬೋಗುಣಿ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಸಿರುಗುಪ್ಪಕ್ಕೆ ಬಂದಳು.