ಮಗನಿಗೊಂದು ಬಾಣಂತನ

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಹಾಲು ಕಾಯಿಸಿ ಕೆನೆ ತೆಗೆದೆ. ಯಜಮಾನರಿಗೆ ಮುಖ ತೊಳೆಸಿ ಮಾತ್ರೆ ಕೊಟ್ಟೆ. ಅವರ ಪಂಚೆಗಳನ್ನೂ ಕಾಲಿಗೆ ಸುತ್ತುವ ಬಟ್ಟೆಯನ್ನೂ ಒಗೆದು ಬಿಸಿಲಿಗೆ ಹಾಕಿದೆ. ರಾಗಿ ಹಸನು ಮಾಡಿ ಮಿಲ್ಲಿಗೆ ಕಟ್ಟಿಟ್ಟೆ. ಅತ್ತೆ ಊರಿಂದ ತಂದಿದ್ದ ತುಪ್ಪದ ಚೊಂಬನ್ನು ಅತ್ತೆಗೇ ಕಾಣದ ಹಾಗೆ ಅಟ್ಟಕ್ಕೆ ಸೇರಿಸಿದೆ.

ಎಂಬತ್ತರ ದಶಕದ ನಡುವಿನ ಮಾತು ಇದು. ನಾವು ಆಗ ಹೊಸೂರಿನ ಆಲಸನತ್ತಂನಲ್ಲಿ ಬಾಡಿಗೆಗಿದ್ದೆವು. ಯಜಮಾನರು ಮೇಷ್ಟರು. ಮದರಾಸಿನಲ್ಲಿ ಅವರಿಗೆ ಹೃದಯದ ಬೈಪಾಸ್ ಆಪರೇಷನ್ ಆಗಿತ್ತು. ಕಾಲಿನಿಂದ ಒಂದು ನರ ತೆಗೆದು ಎದೆಯೊಳಗೆ ಜೋಡಿಸಿದ್ದರು. ಹಾಗಾಗಿ ಗಾಯ ಎರಡು, ಒಂದು ಎದೆಯ ಉದ್ದಕ್ಕೆ, ಇನ್ನೊಂದು ಎಡಗಾಲಿನ ಉದ್ದಕ್ಕೆ. ಹೊರಡುವ ದಿನ ಅಲ್ಲಿನ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಎಲ್ಲಾ ಹೇಳಿಕೊಟ್ಟಿದ್ದರು. ಎದೆಮೂಳೆಯನ್ನು ಕೊಯ್ದು ತಂತಿಯಲ್ಲಿ ಬಿಗಿದಿದ್ದಾರೆ, ಅದು ಕೂಡಿಕೊಳ್ಳುವವರೆಗೆ ಕೈ ಊರಿ ಏಳಬಾರದು, ಮಗ್ಗುಲಾಗಿ ಏಳಬೇಕು. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವಚಿಕೊಂಡು ಕೆಮ್ಮಬೇಕು. ಒಳಗೆ ಲಟಕ್ ಅಂದರೆ ತಡ ಮಾಡಬೇಡಿ, ಮೂಳೆ ಬಿಟ್ಟುಕೊಂಡರೆ ಮತ್ತೆ ಎದೆ ತೆರೆಯಬೇಕಾಗುತ್ತದೆ ಅಂದಿದ್ದರು. ಅಂದಿನಿಂದ ಅವರು ಗಂಟಲು ಸರಿಮಾಡಿಕೊಂಡರೂ ನನ್ನ ಕೈ ದಿಂಬಿಗೆ ಹೋಗುತ್ತಿತ್ತು.

ಅತ್ತೆ ಜವಳಗಿರಿ ಕಡೆಯ ಹಳ್ಳಿಯಿಂದ ಬಂದವರು. ಅವರಿಗೆ ಗೊತ್ತಿದ್ದ ಆರೈಕೆ ಬಾಣಂತನ ಒಂದೇ, ಆದರೆ ಅದು ಚೆನ್ನಾಗಿ ಗೊತ್ತಿತ್ತು. ನನ್ನ ಎರಡು ಹೆರಿಗೆಯನ್ನೂ ನೋಡಿಕೊಂಡಿದ್ದವರು ಅವರೇ. ಬಂದ ದಿನವೇ ಮಗನ ಅಂಗಿ ಬಿಚ್ಚಿಸಿ ಎದೆ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದರು:

"ಎದೆ ಸೀಳವ್ರೆ, ಕಾಲು ಸೀಳವ್ರೆ. ಮೈಯೆಲ್ಲ ಹಸಿ ಐತೆ. ಹಸಿ ಮೈಗೆ ಕಾವು ಕೊಡ್ದೆ ಹಿಂಗೇ ಮಲಗ್ಸಿದ್ದೀಯಲ್ಲಮ್ಮಿ?"

"ಅವರೇನು ಹೆತ್ತಿದ್ದಾರಾ ಅತ್ತೆ?"

"ಹೆತ್ತೋಳ್ಗೆ ಒಂದ್ ಕಡೆ ನೋವು. ಇವ್ನಿಗೆ ಎರಡ್ ಕಡೆ. ಇವ್ನೇ ದೊಡ್ಡ ಬಾಣಂತಿ."

"ಮಗು ಎಲ್ಲವ್ವಾ, ತೋರ್ಸು," ಅಂದರು ಯಜಮಾನರು. ಅಂದು ತಾವೇ ನಕ್ಕರು. "ಅಯ್ಯೋ, ನಗಿಸ್ಬ್ಯಾಡ್ರಪ್ಪಾ, ಹೊಲಿಗೆ ಎಳೀತದೆ."

ಬೆಳ್ಳುಳ್ಳಿ ತುಪ್ಪ ಬೇಡ, ಎಣ್ಣೆ ಬೇಡ, ಎದೆಗೆ ಸೀರೆ ಬಿಗಿದು ಕಟ್ಟುವುದು ಬೇಡ ಎಂದು ನಾನು ದಿನವೂ ಹೇಳಬೇಕಾಗುತ್ತಿತ್ತು. ಸಾಂಬ್ರಾಣಿ ಬೇಡ ಅಂತ ಮಾತ್ರ ಹೇಳಿರಲಿಲ್ಲ. ಅದು ನನಗೆ ಹೊಳೆದೇ ಇರಲಿಲ್ಲ.

ಆ ದಿನ ಮಧ್ಯಾಹ್ನ ಬೀದಿ ಕೊಳಾಯಿಯಲ್ಲಿ ನೀರು ಬಂತು ಅಂತ ಬಿಂದಿಗೆ ತೆಗೆದುಕೊಂಡು ಹೋದೆ. ನಾನು ಆ ಕಡೆ ಹೋದದ್ದೇ ಅತ್ತೆ ಮಗನನ್ನು ಮಣೆಯ ಮೇಲೆ ಕೂರಿಸಿ, ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಬೆನ್ನು ಒರೆಸಿದ್ದಾರೆ. ಅಷ್ಟಕ್ಕೆ ತಪ್ಪಿಲ್ಲ. ಆಮೇಲೆ ಬಾಣಂತಿಗೆ ಮಾಡುವ ಹಾಗೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಹೊಗೆ ಮೈಗೆ ಹಿಡಿಯಲಿ ಎಂದು ತಲೆಯ ಮೇಲಿಂದ ಕಂಬಳಿ ಹೊದಿಸಿದ್ದಾರೆ. ಅವ್ವನ ಮನಸ್ಸಿಗೆ ಬೇಜಾರಾಗಬಾರದು ಅಂತ ಇವರೂ ಒಪ್ಪಿ ಕೂತಿದ್ದಾರೆ.

ಕೊಳಾಯಿಯವರೆಗೂ ಕೆಮ್ಮು ಕೇಳಿಸಿತು. ಬಿಂದಿಗೆ ಅಲ್ಲೇ ಬಿಟ್ಟು ಓಡಿದೆ. ಕಂಬಳಿ ಎಳೆದು ಹಾಕಿ, ದಿಂಬು ತಂದು ಎದೆಗೆ ಒತ್ತಿ ಹಿಡಿದೆ. ಇವರ ಕಣ್ಣು ಮೂಗೆಲ್ಲ ನೀರು. ಕೆಮ್ಮು ನಿಂತ ಮೇಲೆ ಅವರು ಮೆಲ್ಲಗೆ ಅಂದರು: "ಒಳಗೇನೋ ಲಟಕ್ ಅಂತು ಕಣೆ."

ಮದರಾಸು ಎಲ್ಲಿ, ನಾವೆಲ್ಲಿ. ಅತ್ತೆ ಚಪ್ಪಲಿಯೂ ಇಲ್ಲದೆ ಹೊರಗೆ ಓಡಿದರು. ಪಕ್ಕದ ಬೀದಿಯಲ್ಲಿ ಸರ್ಕಾರಿ ಆಸ್ಪತ್ರೆಯ ನರ್ಸೊಬ್ಬಳಿದ್ದಳು, ತಮಿಳಿನವಳು. ಡ್ಯೂಟಿ ಮುಗಿಸಿ ಬಂದು ದಿನವೂ ಗಾಯಕ್ಕೆ ಬಟ್ಟೆ ಬದಲಿಸುತ್ತಿದ್ದಳು. ಅವಳನ್ನು ಕೈ ಹಿಡಿದು ಎಳೆದುಕೊಂಡೇ ಬಂದರು.

ಅವಳು ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು. "ಎನ್ನ ಅಕ್ಕಾ, ಏನಿದು, ಮನೇನಾ, ದೇವಸ್ಥಾನಾನಾ?" ಕಿಟಕಿ ತೆಗೆಸಿದಳು. ಎರಡು ಬೆರಳನ್ನು ಗಾಯದ ಎರಡೂ ಮಗ್ಗುಲಿಗೆ ಇಟ್ಟು, "ಸಾರ್, ಈಗ ದಿಂಬು ಹಿಡಿದು ಮೆಲ್ಲಗೆ ಒಂದ್ಸಲ ಕೆಮ್ಮಿ," ಅಂದಳು. ಕೆಮ್ಮಿದರು. ಇನ್ನೊಂದು ಸಲ ಕೆಮ್ಮಿಸಿದಳು. ನಾವಿಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದೆವು.

"ಮೂಳೆ ಅಲ್ಲಾಡ್ತಿಲ್ಲ," ಅಂದಳು. "ಮಣೆ ಮೇಲೆ ಮುದುರಿ ಕೂತಿದ್ರಲ್ಲ, ಪಕ್ಕೆ ಏನಾದ್ರೂ ಸದ್ದು ಮಾಡಿರ್ಬೋದು. ಆದ್ರೂ ನಾನು ಡಾಕ್ಟರ್ ಅಲ್ಲ. ಬೆಳಿಗ್ಗೆ ಎಕ್ಸ್‌ರೇ ತೆಗೆಸ್ಬೇಕು. ಜ್ವರ ಬಂದ್ರೆ, ಗಾಯದಲ್ಲಿ ನೀರು ಬಂದ್ರೆ, ಎಷ್ಟೊತ್ತಾದ್ರೂ ಕೂಗಿ."

ಆಮೇಲೆ ಅತ್ತೆಯ ಕಡೆ ತಿರುಗಿದಳು, ಅವಳ ತಮಿಳಲ್ಲಿ ಅಜ್ಜಿ ಅಂದರೆ ಪಾಟಿ. "ಪಾಟಿ, ಇನ್ನೊಂದ್ಸಲ ಹೊಗೆ ಹಾಕಿದ್ರೆ ನಿಮ್ಮನ್ನೇ ಕಂಬಳಿ ಒಳಗೆ ಕೂರಿಸ್ತೀನಿ."

"ಕಾವು ಬ್ಯಾಡ, ತುಪ್ಪ ಬ್ಯಾಡ, ಹೊಗೆ ಬ್ಯಾಡ. ನಾನೇನ್ ಸುಮ್ಕೆ ಕೂರಾಕೆ ಬಸ್ ಹತ್ತಿ ಬಂದ್ನಾ?" ಅಂದರು ಅತ್ತೆ.

ನರ್ಸು ಇವರ ಬಲಗಾಲು ತೋರಿಸಿದಳು. "ಗಾಯ ಇಲ್ಲದ ಪಾದ ಒಂದಿದೆಯಲ್ಲ, ಅದನ್ನ ನೀವಿ. ಎಣ್ಣೆ ಇಲ್ದೆ," ಅಂದಳು.

ಮರುದಿನದ ಎಕ್ಸ್‌ರೇಯಲ್ಲಿ ತಂತಿಗಳೆಲ್ಲ ಇದ್ದಲ್ಲೇ ಇದ್ದವು. ಆದರೆ ಆ ಸಂಜೆ ನಮಗದು ಗೊತ್ತಿರಲಿಲ್ಲ. ಕೊಳಾಯಿಗೆ ಹೋಗಿ ಬಿಂದಿಗೆ ತಂದೆ, ಯಾರೋ ತುಂಬಿಸಿ ಪಕ್ಕಕ್ಕೆ ಇಟ್ಟಿದ್ದರು. ಗಳಿಗೆಗೊಂದು ಸಲ ಇವರ ಹಣೆ ಮುಟ್ಟಿ ನೋಡುತ್ತಿದ್ದೆ. ನಾನು ಮುಟ್ಟಿದ ಮೇಲೆ ಅತ್ತೆಯೂ ಮುಟ್ಟುತ್ತಿದ್ದರು. ಕೊನೆಗೆ ಇವರು, "ಹಣೆ ಸವೆದು ಹೋಗ್ತದೆ, ಬಿಡ್ರವ್ವಾ," ಅಂದರು. ಮೈ ಬಿಸಿಯಾಗಲಿಲ್ಲ. ಗಾಯದ ಬಟ್ಟೆಯೂ ಒದ್ದೆಯಾಗಲಿಲ್ಲ.

ರಾತ್ರಿಗೆ ಮುದ್ದೆ, ಉಪ್ಪು ಕಡಿಮೆ ಹಾಕಿದ ದಂಟಿನ ಸೊಪ್ಪಿನ ಸಾರು, ನೀರು ಮಜ್ಜಿಗೆ. ಅತ್ತೆ "ಸಪ್ಪೆ" ಅಂದರು, ಆದರೂ ಮಗನಿಗೆ ಬಡಿಸಿದ್ದನ್ನೇ ಉಂಡರು. ಇವರು ಬೆನ್ನಿಗೆ ದಿಂಬು ಒರಗಿಸಿಕೊಂಡು ಮಲಗಿದರು. ಅತ್ತೆ ಕಾಲ ಬಳಿ ಕೂತು ಬಲಪಾದ ನೀವುತ್ತಾ ನೀವುತ್ತಾ ಹಾಗೇ ಮಂಚಕ್ಕೆ ತಲೆ ಕೊಟ್ಟರು. ಮೊದಲು ನಿದ್ದೆ ಹೋದದ್ದು ಅವರು. ಎಬ್ಬಿಸಬೇಡ ಅಂತ ಇವರು ನನಗೆ ಕೈಸನ್ನೆ ಮಾಡಿದರು, ಆಮೇಲೆ ತಾವೂ ಕಣ್ಣು ಮುಚ್ಚಿದರು.